ಪ್ರೆಸ್ ನಿಂತಿದ್ದ ಜಾಗ

ದೀಪ ಹಚ್ಚಿದ್ದಾಯಿತು, ಬೇಡವೆಂದರೂ ಹಾರ ಹಾಕಿದ್ದಾಯಿತು. ಫೋಟೊ ಕಲೆಯ ಬಗ್ಗೆ ಮಾತಾಡುವ ಯೋಗ್ಯತೆ ನನಗಿಲ್ಲ. ಟೂಲ್ ರೂಮಿನಲ್ಲಿ ಡೈ ಮಾಡಿಕೊಂಡಿದ್ದು ರಿಟೈರ್ ಆದವನು ನಾನು. ಪಾಳುಬಿದ್ದ ಕಾರ್ಖಾನೆಗಳ ಚಿತ್ರ ತಾನೆ, ಕಾರ್ಖಾನೆಯವನನ್ನೇ ಕರೆದರಾಯಿತು ಅಂತ ಪ್ರದರ್ಶನದ ಆಯೋಜಕರು ಅಂದುಕೊಂಡಿರಬೇಕು. ಕರೆದ ಮೇಲೆ ಕೇಳಿಸಿಕೊಳ್ಳಲೇಬೇಕು.

ಪ್ರದರ್ಶನದಲ್ಲಿ ಎಡಗೋಡೆಯ ಮೇಲೆ ಒಂದು ಚಿತ್ರವಿದೆ. ಪೀಣ್ಯದ ಯಾವುದೋ ಶೆಡ್ಡು. ಚಾವಣಿಯ ಶೀಟು ಅರ್ಧ ಹೋಗಿದೆ, ಗೋಡೆಯ ಬಿರುಕಿನಲ್ಲಿ ಅರಳಿ ಗಿಡ ಬೇರು ಬಿಟ್ಟಿದೆ. ಕಾಂಕ್ರೀಟ್ ನೆಲದಲ್ಲಿ ಹುಲ್ಲು ಬೆಳೆದಿದೆ, ಆದರೆ ಕಂಡಕಂಡಲ್ಲಿ ಅಲ್ಲ, ಸ್ಕೇಲಿಟ್ಟು ಗೆರೆ ಎಳೆದ ಹಾಗೆ ಉದ್ದಚೌಕವಾಗಿ. "ಇದೇನಮ್ಮ?" ಅಂತ ಫೋಟೊ ತೆಗೆದ ಹುಡುಗಿಯನ್ನು ಕೇಳಿದೆ. "ಗೊತ್ತಿಲ್ಲ ಸರ್, ಪ್ಯಾಟರ್ನ್ ಚೆನ್ನಾಗಿತ್ತು" ಅಂದಳು.

ಅಲ್ಲಿ ತಗಡು ಒತ್ತುವ ಪವರ್ ಪ್ರೆಸ್ ಇತ್ತಮ್ಮ. ಪ್ರೆಸ್ಸಿನ ಏಟು ಅಕ್ಕಪಕ್ಕದ ಮೆಷಿನ್ನುಗಳಿಗೆ ತಾಗಬಾರದು ಅಂತ ಅದರ ಫೌಂಡೇಶನ್ನನ್ನು ನೆಲದ ಕಾಂಕ್ರೀಟಿಗೆ ಸೇರಿಸುವುದಿಲ್ಲ. ಸುತ್ತಲೂ ಸಂದು ಬಿಟ್ಟು ಮರಳು ತುಂಬುತ್ತೇವೆ. ಪ್ರೆಸ್ ಎತ್ತಿಕೊಂಡು ಹೋದರು, ಸಂದಿಗೆ ಮಣ್ಣು ಕೂತಿತು, ಮಳೆ ಬಿತ್ತು, ಹುಲ್ಲು ಬಂತು. ಉದ್ದಗಲ ನೋಡಿದರೆ ನೂರು ಟನ್ನಿನದೇ ಇರಬೇಕು. ಅದರ ಮುಂದೆ ನಿಂತು ಶಿಫ್ಟಿಗೆ ಸಾವಿರಗಟ್ಟಲೆ ಪೀಸ್ ಹೊಡೆದ ಆಪರೇಟರಿಗೆ ಹತ್ತು ಬೆರಳೂ ಉಳಿದಿದ್ದವೋ ಇಲ್ಲವೋ, ಅದನ್ನು ಹುಲ್ಲು ಹೇಳುವುದಿಲ್ಲ.

ಬೆಳಕಿನ ವಿಷಯವೂ ಹಾಗೆಯೇ. ಗರಗಸದ ಹಲ್ಲಿನ ಆಕಾರದ ಚಾವಣಿಗಳನ್ನು ಬಹಳ ಚೆನ್ನಾಗಿ ತೆಗೆದಿದ್ದೀರಿ. ನಾವು ಅದನ್ನು ನಾರ್ತ್‌ಲೈಟ್ ಅನ್ನುತ್ತೇವೆ. ಗಾಜೆಲ್ಲ ಉತ್ತರಕ್ಕೆ ಮುಖ ಮಾಡಿರುತ್ತದೆ. ಬಿಸಿಲು ಕಣ್ಣಿಗೆ ಹೊಡೆಯದೆ, ಕೈಯ ನೆರಳು ಕೆಲಸದ ಮೇಲೆ ಬೀಳದೆ, ಮೈಕ್ರೋಮೀಟರಿನ ಗೆರೆ ಓದಲು ಬರಲಿ ಅಂತ ಮಾಡಿದ್ದು. ನಮ್ಮ ಬೆಂಗಳೂರಲ್ಲಿ ಅದಕ್ಕೂ ಒಂದು ತಾಪತ್ರಯ: ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯನೇ ನೆತ್ತಿಯಿಂದ ಉತ್ತರಕ್ಕೆ ಸರಿದಿರುತ್ತಾನೆ. ಆಗ ಗಾಜಿಗೆ ಸುಣ್ಣ ಬಳಿಯುತ್ತಿದ್ದೆವು. ಶೀಟು ಒಡೆಯದ ಶೆಡ್ಡಿನಲ್ಲಿ ನಡುಹಗಲಿನ ಬಿಸಿಲುಕೋಲು ಕಂಡರೆ, ಅದು ಆ ತಿಂಗಳುಗಳ ಫೋಟೊ ಅಂತ ನಿಮ್ಮ ಕ್ಯಾಮೆರಾ ನೋಡದೆಯೇ ಹೇಳುತ್ತೇನೆ.

ಈಗ ನನ್ನ ತಕರಾರು. ಚಿತ್ರಗಳ ಕೆಳಗೆ 'ಮೌನ', 'ಕಾಲ', 'ಮರಳಿ ಮಣ್ಣಿಗೆ' ಅಂತೆಲ್ಲ ಇದೆ. ಯಾವ ಶೆಡ್ಡು, ಯಾವ ಕ್ರಾಸು, ಏನು ತಯಾರಾಗುತ್ತಿತ್ತು, ಯಾವ ವರ್ಷ ಬೀಗ ಬಿತ್ತು, ಒಂದೂ ಇಲ್ಲ. ಕೇಳಿದರೆ, ಜಾಗದ ಹೆಸರು ಹೇಳಿದರೆ ಕಳ್ಳರು ನುಗ್ಗುತ್ತಾರಂತೆ. ಮಕ್ಕಳೇ, ಗುಜರಿಯವರಿಗೆ ನಿಮಗಿಂತ ಮೊದಲೇ ವಿಳಾಸ ಗೊತ್ತು. ತಾಮ್ರದ ಕೇಬಲ್ ಒಂದಾದರೂ ನಿಮ್ಮ ಚಿತ್ರಗಳಲ್ಲಿ ಇದೆಯಾ ನೋಡಿ.

ನಿಮ್ಮವರೇ ಒಬ್ಬರು ಜರ್ಮನಿಯ ಬರ್ನ್ಡ್ ಮತ್ತು ಹಿಲ್ಲಾ ಬೆಖರ್ ದಂಪತಿಯ ಪುಸ್ತಕ ತೋರಿಸಿದರು. 1959ರಿಂದ ದಶಕಗಳ ಕಾಲ ಗಣಿಗೋಪುರ, ನೀರಿನ ಟ್ಯಾಂಕು, ಕುಲುಮೆಗಳನ್ನು ತೆಗೆದವರು. ಚಿತ್ರದ ಹೆಸರು ಅಂದರೆ ಏನದು, ಯಾವ ಊರು, ಯಾವ ವರ್ಷ. ಅಷ್ಟೇ. 1990ರಲ್ಲಿ ವೆನಿಸ್ ಬಿಯೆನಾಲೆ ಕಲಾ ಪ್ರದರ್ಶನದವರು ಅವರಿಗೆ ದೊಡ್ಡ ಪ್ರಶಸ್ತಿಯನ್ನೇ ಕೊಟ್ಟರು, ಅದೂ ಶಿಲ್ಪಕಲೆಗೆ!

ದೊಡ್ಡ ಕಾರ್ಖಾನೆಗಳ ಚಿಂತೆ ನನಗಿಲ್ಲ. ಪಕ್ಕದ ಜಾಲಹಳ್ಳಿಯ ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಕೈಗಡಿಯಾರ ಶುರು ಮಾಡಿತು, 2016ರಲ್ಲಿ ವಾಚ್ ಕಂಪನಿ ಮುಚ್ಚಲು ಕೇಂದ್ರ ಒಪ್ಪಿತು. ಆದರೂ ಅಲ್ಲೊಂದು ಮ್ಯೂಸಿಯಂ ಇದೆ. ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಜರ್ಮನಿಯ ಎಇಜಿ ಸಹಯೋಗದಲ್ಲಿ ಟ್ರಾನ್ಸ್‌ಫಾರ್ಮರು, ಮೋಟಾರು ಮಾಡುತ್ತಿತ್ತು. 2002ರಲ್ಲಿ ಮುಚ್ಚಿದ ಮೇಲೆ ಒಳಗೆ ಕಾಡೇ ಬೆಳೆದಿದೆ, ಸಿನಿಮಾ ಶೂಟಿಂಗೂ ಆಗಿದೆ. ಹೆಸರಾದರೂ ಜನಕ್ಕೆ ಗೊತ್ತು. ಪೀಣ್ಯದ ಹತ್ತಾಳಿನ ಶೆಡ್ಡಿಗೆ ಯಾರಿದ್ದಾರೆ? ಮಾಲೀಕ ಸಾಲ ತೀರಿಸಿ ಊರು ಸೇರಿದ, ಹಾಜರಿ ಪುಸ್ತಕ ಗೆದ್ದಲಿಗೆ ಹೋಯಿತು, ನಾಳೆ ಜೆಸಿಬಿ ಬಂದರೆ ಗೋಡೌನೋ ಅಪಾರ್ಟ್‌ಮೆಂಟೋ ಏಳುತ್ತದೆ. ಆ ಶೆಡ್ಡಿಗೆ ಉಳಿಯುವ ದಾಖಲೆ ಅಂದರೆ ನಿಮ್ಮ ಫೋಟೊ ಒಂದೇ. ಅದರ ಮೇಲೂ ವಿಳಾಸ ಇಲ್ಲ ಅಂದರೆ ಹೇಗೆ?

ಇಂಥ ಶೆಡ್ಡುಗಳ ಒಳಗೆ ಹೋಗುವಾಗ ಅನುಮತಿ ತಗೊಳ್ಳಿ, ಮಾಸ್ಕ್ ಹಾಕಿ. ಒಡೆದ ಆಸ್ಬೆಸ್ಟಾಸ್ ಶೀಟಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಗೇಟಿನ ಸೆಕ್ಯೂರಿಟಿಯವರನ್ನು ಮಾತಾಡಿಸಿ. ಎಷ್ಟೋ ಕಡೆ ಅವರೇ ಅಲ್ಲಿನ ಹಳೇ ಫಿಟ್ಟರು, ಹೆಲ್ಪರು.

ಪ್ರದರ್ಶನವನ್ನು ಉದ್ಘಾಟಿಸಿದ್ದೇನೆ ಅಂತ ತಿಳಿಯಿರಿ. ಪ್ರತಿ ಚಿತ್ರದ ಪಕ್ಕ ಒಂದು ಖಾಲಿ ಹಾಳೆ ಅಂಟಿಸಲು ಆಯೋಜಕರಿಗೆ ಹೇಳಿದ್ದೇನೆ, ಪೆನ್ಸಿಲ್ ನಾನೇ ತಂದಿದ್ದೇನೆ. ಹಿಂದಿನ ಸಾಲಿನಲ್ಲಿ ನನ್ನ ಜೊತೆ ಕೆಲಸ ಮಾಡಿದ ಮೂವರು ಕೂತಿದ್ದಾರೆ. ಒಬ್ಬರು ಪ್ರೆಸ್ ಶಾಪ್, ಒಬ್ಬರು ಗ್ರೈಂಡಿಂಗ್, ಇನ್ನೊಬ್ಬರು ಪ್ಲೇಟಿಂಗ್. ಪೀಣ್ಯದ ಗಲ್ಲಿ ಗಲ್ಲಿ ಗೊತ್ತು ಅವರಿಗೆ. ಊಟಕ್ಕೆ ಮೊದಲೇ ಹಿಡಿದುಕೊಂಡು ಬರೆಸಿಕೊಳ್ಳಿ. ಮೂರು ಗಂಟೆಗೆ ಅವರಿಗೆ ನೆಲಮಂಗಲದ ಬಸ್ಸು.