ಆಟಿಸಂ ಇರುವ ಹದಿಹರೆಯದ ಮಕ್ಕಳಿಗೆ ತಮ್ಮ ಕೆಲಸ ತಾವೇ ಮಾಡಿಕೊಳ್ಳಲು ಕಲಿಸುವುದು ಹೇಗೆ?

(ಪಾಲಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಹಿಂದೊಮ್ಮೆ ಕುಷ್ಟಗಿ ಕಡೆಯ ತಾಯಿಯೊಬ್ಬರು ಹದಿನಾಲ್ಕು ವರ್ಷದ ಮಗನನ್ನು ಕರೆದುಕೊಂಡು ನನ್ನ ಬಳಿ ಬಂದಿದ್ದರು. ಹುಡುಗ ತಾಯಿಗಿಂತ ಎತ್ತರ ಬೆಳೆದಿದ್ದ. ಐದು ದಿನದಿಂದ ಸ್ನಾನವಿರಲಿಲ್ಲ. ತಾಯಿಯ ಕೈಮೇಲೆ ಅವನು ಕಚ್ಚಿದ ಗುರುತಿತ್ತು. “ಸಣ್ಣಾವಿದ್ದಾಗ ಎತ್ಕೊಂಡು ಬಚ್ಚಲಕ್ಕ ಒಯ್ತಿದ್ದೆರಿ. ಈಗ ನನ್ನ ಕೈಲಿ ಆಗಂಗಿಲ್ಲ. ಅವರಪ್ಪ ಹೊಡದು ನೀರ ಹಾಕ್ತಾರ. ನಾ ಸತ್ತ ಮ್ಯಾಲ ಇವಗ ಯಾರ ನೀರ ಹಾಕ್ತಾರ್ರಿ?” ಎಂದು ಕೇಳಿದರು. ಇಂದು ನಾನು ಹೇಳುವುದೆಲ್ಲ ಆ ತಾಯಿಯ ಪ್ರಶ್ನೆಗೆ ಉತ್ತರವೆಂದು ತಿಳಿಯಿರಿ.

ಇದು ಹಠವಲ್ಲ

ಆಟಿಸಂ ಎಂದರೆ ಮೆದುಳಿನ ಬೆಳವಣಿಗೆಯೇ ಬೇರೆ ರೀತಿ ಆಗಿರುವುದು. ಅದು ಹುಟ್ಟಿನಿಂದಲೇ ಬರುತ್ತದೆ. ಅಂಟುರೋಗವಲ್ಲ, ಪೂರ್ವಜನ್ಮದ ಪಾಪವಲ್ಲ, ಲಸಿಕೆ ಹಾಕಿಸಿದ್ದರಿಂದ ಬಂದದ್ದೂ ಅಲ್ಲ. 1943ರಲ್ಲಿ ಅಮೆರಿಕದ ವೈದ್ಯ ಲಿಯೋ ಕ್ಯಾನರ್ ಇದನ್ನು ವಿವರವಾಗಿ ಬರೆದರು. ಆಮೇಲೆ ಹಲವು ವರ್ಷ, ತಾಯಿಯ ಪ್ರೀತಿ ಸಾಲದೆ ಹೀಗಾಗುತ್ತದೆ ಎಂದು ವೈದ್ಯರೇ ತಪ್ಪು ತಿಳಿದಿದ್ದರು. ಅದು ಸುಳ್ಳೆಂದು ಈಗ ಖಚಿತವಾಗಿದೆ. ಆದರೂ ನಮ್ಮ ಊರುಗಳಲ್ಲಿ ಇಂದಿಗೂ ತಾಯಿಯನ್ನೇ ದೂರುತ್ತಾರೆ. ದಯವಿಟ್ಟು ಆ ಮಾತನ್ನು ಇಲ್ಲಿಗೇ ಬಿಡಿ.

ಹಾಗಾದರೆ ಮಗು ನೀರು ಕಂಡರೆ ಯಾಕೆ ಓಡುತ್ತದೆ? ಗವಿಮಠದ ಜಾತ್ರೆಯ ಜನಜಂಗುಳಿಯಲ್ಲಿ ಮೈಕಿನ ಪಕ್ಕದಲ್ಲೇ ನಿಂತಿದ್ದೀರಿ ಎಂದುಕೊಳ್ಳಿ. ನಿಮಗೆ ಅಲ್ಲಿ ಆಗುವಷ್ಟು ಸಂಕಟ, ಈ ಮಕ್ಕಳಲ್ಲಿ ಕೆಲವರಿಗೆ ನಳದ ಸದ್ದಿನಿಂದಲೇ ಆಗುತ್ತದೆ. ತಲೆಯ ಮೇಲೆ ನೀರು ಬಿದ್ದರೆ ಹೊಡೆದಂತೆ, ಬ್ರಷ್ ತಾಗಿದರೆ ಮುಳ್ಳು ಚುಚ್ಚಿದಂತೆ ಅನಿಸುತ್ತದೆ. ಇನ್ನು ಕೆಲವರಿಗೆ ಮೈ ಜಿಗುಟಾಗಿದ್ದು, ಮೂತ್ರ ಬಂದದ್ದು ಬೇಗ ತಿಳಿಯುವುದೇ ಇಲ್ಲ. ಒಂದಾದ ಮೇಲೆ ಇನ್ನೊಂದು ಏನು ಮಾಡಬೇಕೆಂಬುದೂ ಹೊಳೆಯುವುದಿಲ್ಲ. ಹೊಡೆದರೆ ಇದ್ಯಾವುದೂ ಸರಿಹೋಗುವುದಿಲ್ಲ. ಬಚ್ಚಲೆಂದರೆ ಹೊಡೆತ ಎಂಬುದನ್ನು ಮಾತ್ರ ಮಗು ಕಲಿಯುತ್ತದೆ.

ಕಲಿಸುವ ಕ್ರಮ

ಮೊದಲು, ಯಾವುದರಿಂದ ತೊಂದರೆ ಎಂದು ನೋಡಿ. ತಣ್ಣೀರೋ, ಸಾಬೂನಿನ ವಾಸನೆಯೋ, ಕಣ್ಣಿಗೆ ಹೋಗುವ ನೊರೆಯೋ? ನೀರನ್ನು ಬಕೆಟ್ಟಿನಲ್ಲಿ ಮೊದಲೇ ತುಂಬಿಡಿ. ತಲೆಗೆ ಬದಲು ಕಾಲಿನಿಂದ ಆರಂಭಿಸಿ. ಮೆತ್ತನೆಯ ಬ್ರಷ್ ಕೊಡಿ. ಖಾರವೆನಿಸುವ ಪೇಸ್ಟ್ ಬೇಡ. ಸ್ನಾನವಾದ ಮೇಲೆ ಉಗುರು ಮೆತ್ತಗಿರುತ್ತದೆ, ಆಗ ಕತ್ತರಿಸಿ.

ಎರಡನೆಯದು, ಕೆಲಸವನ್ನು ತುಂಡು ಮಾಡಿ. “ಸ್ನಾನ ಮಾಡು” ಎಂಬುದು ನಮಗೆ ಒಂದು ಮಾತು, ಆ ಮಗುವಿಗೆ ಏಳೆಂಟು ಕೆಲಸ: ಬಟ್ಟೆ ಬಿಚ್ಚುವುದು, ನೀರು ಹಾಕಿಕೊಳ್ಳುವುದು, ಸಾಬೂನು ಹಚ್ಚುವುದು, ತಿಕ್ಕುವುದು, ತೊಳೆಯುವುದು, ಒರೆಸುವುದು, ಬಟ್ಟೆ ತೊಡುವುದು. ಪ್ರತಿಯೊಂದಕ್ಕೂ ಒಂದು ಚಿತ್ರ ಬರೆದು ಬಚ್ಚಲ ಗೋಡೆಗೆ ಸಾಲಾಗಿ ಅಂಟಿಸಿ. ಓದಲು ಬಾರದಿದ್ದರೂ ಚಿತ್ರ ತಿಳಿಯುತ್ತದೆ.

ಮೂರನೆಯದು, ಕೊನೆಯ ಹೆಜ್ಜೆಯಿಂದ ಕಲಿಸಿ. ಉಳಿದದ್ದನ್ನೆಲ್ಲ ನೀವೇ ಮಾಡಿ, ಮೈ ಒರೆಸುವುದನ್ನು ಮಾತ್ರ ಅವನಿಗೆ ಬಿಡಿ. ಅದು ಬಂದ ಮೇಲೆ ಕೊನೆಯ ಚರಿಗೆ ನೀರು, ಆಮೇಲೆ ಸಾಬೂನು. ಹೀಗೆ ಮಾಡಿದರೆ ಕೆಲಸ ಪ್ರತಿದಿನವೂ ಅವನ ಕೈಯಿಂದಲೇ ಮುಗಿಯುತ್ತದೆ. “ನಾನು ಮಾಡಿದೆ” ಎಂಬ ಸಮಾಧಾನ ಸಿಗುತ್ತದೆ.

ನಾಲ್ಕನೆಯದು, ಮಾತು ಕಡಿಮೆ ಇರಲಿ. “ನೀರು ಹಾಕು” ಎಂದು ಒಮ್ಮೆ ಹೇಳಿ, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಆಗದಿದ್ದರೆ ಚಿತ್ರ ತೋರಿಸಿ. ಅದಕ್ಕೂ ಆಗದಿದ್ದರೆ ಮಾತ್ರ ಕೈ ಹಿಡಿದು ಮಾಡಿಸಿ. ದಿನ ಕಳೆದಂತೆ ಆ ಕೈಯನ್ನು ಸಡಿಲಿಸುತ್ತ ಬನ್ನಿ. ದಿನವೂ ಅದೇ ಹೊತ್ತು, ಅದೇ ಬಕೆಟ್, ಅದೇ ಕ್ರಮ ಇರಲಿ. ಅಜ್ಜಿ, ಅಪ್ಪ, ಅಕ್ಕ ಎಲ್ಲರೂ ಒಂದೇ ರೀತಿ ಕಲಿಸಬೇಕು.

ಮೈ ಬೆಳೆಯುವ ವಯಸ್ಸು

ಹೆಣ್ಣುಮಕ್ಕಳಿಗೆ ಮುಟ್ಟಾಗುವುದಕ್ಕೆ ಮೊದಲೇ ತಯಾರಿ ಬೇಕು. ಪ್ಯಾಡ್ ಮುಟ್ಟಿಸಿ ತೋರಿಸಿ, ಒಂದೊಂದು ದಿನ ಸ್ವಲ್ಪ ಹೊತ್ತು ಹಾಕಿಸಿ ರೂಢಿ ಮಾಡಿಸಿ. ಒಳಉಡುಪಿನ ಮೇಲೆ ಪ್ಯಾಡಿನ ಆಕಾರದ ಗೆರೆ ಎಳೆದರೆ ಎಲ್ಲಿ ಇಡಬೇಕೆಂಬುದು ತಿಳಿಯುತ್ತದೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಈ ತೊಂದರೆ ತಪ್ಪಲೆಂದು ಗರ್ಭಕೋಶ ತೆಗೆಸಿಬಿಡಿ ಎನ್ನುವವರ ಮಾತು ಕೇಳಬೇಡಿ.

ಗಂಡುಮಕ್ಕಳಾಗಲಿ ಹೆಣ್ಣುಮಕ್ಕಳಾಗಲಿ, ಬಟ್ಟೆ ಬದಲಿಸುವಾಗ ಬಾಗಿಲು ಹಾಕುವುದನ್ನು ಕಲಿಸಿ. ಖಾಸಗಿ ಅಂಗ ಮುಟ್ಟಿಕೊಂಡರೆ ಬಡಿಯಬೇಡಿ. ಅದು ನಾಲ್ಕು ಜನರ ಮುಂದೆ ಮಾಡುವುದಲ್ಲ, ಒಬ್ಬರೇ ಇರುವ ಕೋಣೆಯಲ್ಲಿ ಎಂದು ಶಾಂತವಾಗಿ ಜಾಗ ತೋರಿಸಿ. ಬೇರೆಯವರು ಮುಟ್ಟಲು ಬಂದರೆ ‘ಬೇಡ’ ಎನ್ನಲು ಕಲಿಸಿ. ತಾನೇ ತೊಳೆದುಕೊಳ್ಳಬಲ್ಲ ಮಗುವಿನ ಮೈಯನ್ನು ಇನ್ನೊಬ್ಬರು ಮುಟ್ಟುವ ಪ್ರಸಂಗವೇ ಕಡಿಮೆಯಾಗುತ್ತದೆ.

ಕಲಿತದ್ದನ್ನು ಒಮ್ಮೆಲೇ ಬಿಟ್ಟರೆ ಹಠವೆಂದು ತಿಳಿಯಬೇಡಿ. ಹಲ್ಲುನೋವು, ಕಿವಿನೋವು, ಮಲಬದ್ಧತೆ ಇರಬಹುದು. ಈ ವಯಸ್ಸಿನಲ್ಲಿ ಕೆಲವರಿಗೆ ಮೂರ್ಛೆರೋಗ ಶುರುವಾಗುವುದೂ ಉಂಟು. ವೈದ್ಯರಿಗೆ ತೋರಿಸಿ. ಆಟಿಸಂ ಪೂರ್ತಿ ವಾಸಿ ಮಾಡುತ್ತೇವೆ ಎನ್ನುವ ಔಷಧಿಗೆ ಹೊಲ ಅಡವಿಡಬೇಡಿ. ಅಂಥ ಔಷಧಿ ಇಲ್ಲ.

ಸರ್ಕಾರದಿಂದ ಸಿಗುವ ನೆರವು

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಹೆಸರಿಸಿರುವ 21 ಬಗೆಯ ಅಂಗವಿಕಲತೆಗಳಲ್ಲಿ ಆಟಿಸಂ ಕೂಡ ಒಂದು. ವೈದ್ಯಕೀಯ ತಪಾಸಣೆ ಮಾಡಿಸಿ ಯು.ಡಿ.ಐ.ಡಿ. ಕಾರ್ಡ್ ಪಡೆಯಿರಿ. ಇದಕ್ಕೆ ನಿಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ, ಮಗುವಿಗೆ 18 ತುಂಬಿದ ಮೇಲೆ ಅಗತ್ಯವಿದ್ದರೆ ಪಾಲಕರನ್ನು ನೇಮಿಸಲು ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಕೊಡಬಹುದು. ಅದೇ ನ್ಯಾಸದ ‘ನಿರಾಮಯ’ ಆರೋಗ್ಯ ವಿಮೆ ಒಂದು ಲಕ್ಷ ರೂಪಾಯಿವರೆಗೆ ಇದೆ. ನಿಮಗೇ ಮನಸ್ಸು ಕುಸಿದಾಗ 14416 ಸಂಖ್ಯೆಯ ಟೆಲಿ ಮಾನಸ್‌ಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಕೊನೆಯ ಮಾತು

ಆ ಕುಷ್ಟಗಿಯ ಹುಡುಗನಿಗೆ ತಲೆಯ ಮೇಲೆ ಬೀಳುವ ನೀರೇ ತೊಂದರೆಯಾಗಿತ್ತು. ಟಾವೆಲ್ಲಿನಿಂದ ಆರಂಭಿಸಿದರು. ತಂದೆ ಹೊಡೆಯುವುದನ್ನು ಬಿಟ್ಟು ಚಿತ್ರ ಬರೆದುಕೊಟ್ಟರು. ಎಂಟು ತಿಂಗಳ ನಂತರ ಆ ತಾಯಿ ಬಂದು, “ಬಚ್ಚಲ ಹೊರಗ ನಿಂತಿದ್ದೆರಿ. ಒಳಗ ಚರಿಗಿ ಸಪ್ಪಳ ಕೇಳಿಸ್ತು. ಅವನ ಹಾಕ್ಕೊಳ್ಳಾಕತ್ತಿದ್ದ” ಎಂದು ಕಣ್ಣೀರು ಒರೆಸಿಕೊಂಡರು. ತಲೆಗೆ ಈಗಲೂ ತಾಯಿಯೇ ನೀರು ಹಾಕಬೇಕು. ಬೆನ್ನಿಗೆ ಸಾಬೂನು ಮುಟ್ಟುವುದಿಲ್ಲ. ಇರಲಿ, ಅದಕ್ಕೂ ಒಂದು ದಿನ ಬರುತ್ತದೆ.

ನೀವು ಇಂದು ಮನೆಗೆ ಹೋಗಿ ಎಲ್ಲವನ್ನೂ ಒಮ್ಮೆಲೇ ಶುರುಮಾಡಬೇಡಿ. ಒಂದೇ ಕೆಲಸ, ಅದರ ಕೊನೆಯ ಒಂದೇ ಹೆಜ್ಜೆ ಆರಿಸಿಕೊಳ್ಳಿ. ಒಂದು ತಿಂಗಳು ಬಿಡದೆ ಮಾಡಿಸಿ, ಮತ್ತೆ ಬಂದು ನಮಗೆ ತಿಳಿಸಿ.