ಊನದ ಅಳತೆ: ಉದ್ಯೋಗದಲ್ಲಿ ತಾರತಮ್ಯ ಮತ್ತು ಶಾಸನದ ವ್ಯಾಖ್ಯೆ



ಘಟಪ್ರಭೆಯ ಜಲಪಾತದ ಮಗ್ಗುಲಲ್ಲಿ, ಹತ್ತೊಂಬತ್ತನೆಯ ಶತಮಾನದ ಎಂಬತ್ತರ ದಶಕದಲ್ಲಿ ತಲೆಯೆತ್ತಿದ ಗೋಕಾಕದ ಗಿರಣಿಯಲ್ಲಿ, ನೂಲುವ ಯಂತ್ರದ ಮುಂದೆ ನಿಂತು ಹರಿದ ಎಳೆಯನ್ನು ಹಿಡಿದು ಕೂಡಿಸುವ ಕಾರ್ಮಿಕನೊಬ್ಬನು ತನ್ನ ತೋರುಬೆರಳನ್ನು ಕಳೆದುಕೊಂಡನೆಂದು ಭಾವಿಸೋಣ. 1923ರ ಕಾರ್ಮಿಕ ಪರಿಹಾರ ಶಾಸನದ ಅನುಸೂಚಿಯು, ಇಡಿಯ ತೋರುಬೆರಳು ಹೋದರೆ ಸಂಪಾದನಾಶಕ್ತಿಯ ನಷ್ಟ ಶೇಕಡಾ 14, ಹೆಬ್ಬೆರಳು ಹೋದರೆ ಶೇಕಡಾ 30 ಎಂದು, ಅಕ್ಕಸಾಲಿಗನು ಗುಲಗಂಜಿಯಿಟ್ಟು ತೂಗಿದಂತೆ ಲೆಕ್ಕ ಹೇಳಿತ್ತು. ಪರಿಹಾರಧನವನ್ನು ಗೊತ್ತುಪಡಿಸುವುದಕ್ಕೆ ಇಂತಹ ತೂಕ ಬೇಕೆಂಬುದನ್ನು ನಾನು ಅಲ್ಲಗಳೆಯೆನು; ಅದೇ ತಕ್ಕಡಿಯನ್ನು ತಾರತಮ್ಯದ ವ್ಯಾಜ್ಯದೊಳಕ್ಕೂ ತಂದಿರಿಸಿದಾಗ ಒದಗುವ ಅನರ್ಥವೇ ನನ್ನ ಇಂದಿನ ವಿಷಯ.

ಅಂಗವಿಕಲರ ಹಕ್ಕುಗಳ ರಕ್ಷಣೆಗಾಗಿ ಬಂದ 1995ರ ಅಧಿನಿಯಮವು ಏಳು ಬಗೆಯ ವೈಕಲ್ಯಗಳನ್ನು ಮಾತ್ರ ಹೆಸರಿಸಿ, ವೈದ್ಯಾಧಿಕಾರಿಯು ಶೇಕಡಾ 40ಕ್ಕೆ ಕಡಿಮೆಯಿಲ್ಲವೆಂದು ದೃಢೀಕರಿಸಿದವನನ್ನೇ ಅಂಗವಿಕಲನೆಂದು ಒಪ್ಪಿಕೊಂಡಿತು. ನಮ್ಮ ಗಿರಣಿಯವನು ಆ ಗೆರೆಯನ್ನು ಮುಟ್ಟಲಾರನು. ಎಳೆಯನ್ನು ಹಿಡಿಯಲಾರನೆಂದು ಒಡೆಯನು ಅವನನ್ನು ಹೊರಗಟ್ಟಬಹುದಿತ್ತು. ಅಂಗವಿಕಲನಲ್ಲವೆಂದು ಶಾಸನವೂ ಅವನನ್ನು ಹೊರಗಿರಿಸಬಹುದಿತ್ತು. ಕೆಲಸಕ್ಕೆ ಸಾಲದಷ್ಟು ಊನನೂ ರಕ್ಷಣೆಗೆ ಸಾಲದಷ್ಟು ಪೂರ್ಣನೂ ಆಗಿ ಒಬ್ಬನೇ ಮನುಷ್ಯನು ನಿಲ್ಲಬೇಕಾಗಿ ಬಂದ ಈ ವೈಚಿತ್ರ್ಯವನ್ನು ಆ ಕಾಲದ ಶಾಸನಕರ್ತರು ಗಮನಿಸದೆ ಹೋದರೆಂಬುದು ನನಗೆ ಇಂದಿಗೂ ಆಶ್ಚರ್ಯಕರ. ಆದರೂ ಅದೇ ಅಧಿನಿಯಮದ 47ನೆಯ ಪ್ರಕರಣವು, ಸೇವೆಯಲ್ಲಿರುವಾಗ ವೈಕಲ್ಯಕ್ಕೊಳಗಾದವನನ್ನು ತೆಗೆದುಹಾಕಬಾರದೆಂದೂ, ಅದೇ ವೇತನಶ್ರೇಣಿಯ ಬೇರೆ ಹುದ್ದೆಗೆ ಅವನನ್ನು ವರ್ಗಾಯಿಸಬೇಕೆಂದೂ ವಿಧಿಸಿತು. ಕಾಲು ಕಳೆದುಕೊಂಡ ಕಾನ್‌ಸ್ಟೇಬಲನೊಬ್ಬನ ವಿಷಯವಾದ 2003ರ ಕುನಾಲ್ ಸಿಂಗ್ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ವಿಧಿಗೆ ಪೂರ್ಣ ಬಲವನ್ನಿತ್ತಿತು.

ಭಾರತವು 2007ರಲ್ಲಿ ಅಂಗೀಕರಿಸಿದ ವಿಶ್ವಸಂಸ್ಥೆಯ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯ ಫಲವಾಗಿ, 1995ರದರ ಸ್ಥಾನದಲ್ಲಿ ಬಂದ 2016ರ ಅಧಿನಿಯಮದಲ್ಲಿ ದೃಷ್ಟಿಯೇ ಬದಲಾಯಿತು. ದೀರ್ಘಕಾಲದ ದೈಹಿಕ, ಮಾನಸಿಕ, ಬೌದ್ಧಿಕ ಅಥವಾ ಇಂದ್ರಿಯಸಂಬಂಧಿ ಊನವು ಸುತ್ತಲಿನ ಅಡೆತಡೆಗಳೊಡನೆ ಕೂಡಿ, ಇತರರೊಡನೆ ಸಮಾನವಾಗಿ ಬಾಳುವುದಕ್ಕೆ ಯಾರಿಗೆ ತಡೆಯಾಗುವುದೋ ಅವರೇ ಈಗಿನ ವಿಕಲಚೇತನರು. ಎಂದಮೇಲೆ ವೈಕಲ್ಯದ ಒಂದು ಭಾಗವು ಬೆರಳಿನಲ್ಲಿದ್ದರೆ ಮತ್ತೊಂದು ಭಾಗವು ಯಂತ್ರದ ರಚನೆಯಲ್ಲಿದೆ. ಶೇಕಡಾ 40ರ ಗೆರೆ ಅಳಿಯಲಿಲ್ಲ. ಅದು ಮೀಸಲಾತಿಯೇ ಮೊದಲಾದ ಸೌಲಭ್ಯಗಳಿಗೆ ಮೀಸಲಾಗಿ ಉಳಿಯಿತು. ಯುಕ್ತವಾದ ಅನುಕೂಲವನ್ನು ಕೇಳುವವನು ಆ ಗೆರೆಯನ್ನು ದಾಟಿರಬೇಕಾಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯದ 2021ರ ವಿಕಾಸ್ ಕುಮಾರ್ ತೀರ್ಪು ಸ್ಪಷ್ಟಪಡಿಸಿತು. 2023ರಲ್ಲಿ, ಬಣ್ಣಗುರುಡನೆಂಬ ಕಾರಣದಿಂದ ತಮಿಳುನಾಡಿನ ವಿದ್ಯುತ್ ಸಂಸ್ಥೆಯು ಇಂಜಿನಿಯರನೊಬ್ಬನನ್ನು ನಿರಾಕರಿಸಿದಾಗ, ಅವನ ಊನವು ಶಾಸನದ ಪಟ್ಟಿಗೆ ಸೇರದಿದ್ದರೂ ಅದೇ ನ್ಯಾಯಾಲಯವು ಅವನಿಗೆ ಉದ್ಯೋಗ ಕೊಡಿಸಿತು.

ಇಷ್ಟಾದರೂ ವ್ಯಾಖ್ಯೆಯೊಂದೇ ಅನ್ನವನ್ನು ಕೊಡಲಾರದು. ಉದ್ಯೋಗದಾತನು ಯಾರೆಂಬ ಎರಡನೆಯ ವ್ಯಾಖ್ಯೆ ಅದರ ಬೆನ್ನಿಗೇ ನಿಂತಿದೆ. ಗೋಕಾಕದ ಡಿಪೋದಲ್ಲಿ ದೃಷ್ಟಿ ಮಂದವಾದ ಚಾಲಕನನ್ನು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯು ಹೊರಹಾಕುವಂತಿಲ್ಲ, ಏಕೆಂದರೆ ಅದು ಸರಕಾರಿ ಸಂಸ್ಥೆ. 1969ರಲ್ಲಿ ಹುಟ್ಟಿದ ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದ ಲೈನ್‌ಮನ್ನನ ಕೈ ಸುಟ್ಟರೋ? ಖಾಸಗಿ ಸಂಸ್ಥೆಯ ಅರ್ಥವಿವರಣೆಯಲ್ಲಿ ಸಹಕಾರಿ ಸಂಘಗಳೂ ಅಡಗಿರುವುದರಿಂದ, ಸರಕಾರಿ ಸಂಸ್ಥೆಗಳಿಗೆ ಮಾತ್ರ ಅನ್ವಯಿಸುವ, 2016ರ ಅಧಿನಿಯಮದ ಸೇವಾರಕ್ಷಣೆಯ 20ನೆಯ ಪ್ರಕರಣವು ಅವನಿಗೆ ನೇರವಾಗಿ ಒದಗದು. ತಾರತಮ್ಯವನ್ನು ಸಾಮಾನ್ಯವಾಗಿ ನಿಷೇಧಿಸುವ 3ನೆಯ ಪ್ರಕರಣವನ್ನೂ ಸಮಾನಾವಕಾಶದ ನೀತಿಯನ್ನು ವಿಧಿಸುವ 21ನೆಯದನ್ನೂ ಅವನು ನೆಚ್ಚಬೇಕು. ಸರಕಾರದ ನೆರವು ಪಡೆದ ಸಂಸ್ಥೆಗಳೂ ಸರಕಾರಿ ಸಂಸ್ಥೆಗಳೇ ಎಂಬ ಮಾತು ಶಾಸನದಲ್ಲಿರುವುದರಿಂದ, ಉಚ್ಚ ನ್ಯಾಯಾಲಯದ ಧಾರವಾಡ ಪೀಠದ ಮುಂದೆ ನಿಪುಣನಾದ ವಕೀಲನು ಅಲ್ಲಿಂದಲೇ ವಾದವನ್ನು ಆರಂಭಿಸಿಯಾನು.

ಮೂಡಲಗಿಯ ಕಬ್ಬಿನ ಹೊಲಗಳಲ್ಲಿ ಮುಂಗಡ ಪಡೆದು ಗ್ಯಾಂಗಿನೊಡನೆ ದುಡಿಯುವವನ ಸ್ಥಿತಿಯಾದರೋ ಇನ್ನೂ ಕಷ್ಟತರವಾದುದು. ಅವನಿಗೆ ನೇಮಕಪತ್ರವಿಲ್ಲ, ಹಾಜರಿಪುಸ್ತಕದಲ್ಲಿ ಹೆಸರಿಲ್ಲ. ಕಾರ್ಖಾನೆಯು ಗುತ್ತಿಗೆದಾರನನ್ನು ತೋರಿಸುವುದು, ಗುತ್ತಿಗೆದಾರನು ಗ್ಯಾಂಗಿನ ಮುಕಾದಮನನ್ನು ತೋರಿಸುವನು. ಕಬ್ಬು ಕಡಿಯುವ ಕೊಯ್ತಾ ತಗುಲಿ ಮುಂಗೈಯ ನರ ಕಡಿದುಹೋಗಿ ಹಿಡಿತ ತಪ್ಪಿದವನು 2016ರ ವ್ಯಾಖ್ಯೆಯ ಒಂದೊಂದು ಶಬ್ದಕ್ಕೂ ಸಲ್ಲುವನು. ಮುಂದಿನ ಹಂಗಾಮಿಗೆ ಅವನನ್ನು ಕರೆಯದೆ ಬಿಟ್ಟಲ್ಲಿ, ಎದುರುದಾರನ ಜಾಗದಲ್ಲಿ ಯಾರ ಹೆಸರನ್ನು ಬರೆಯಬೇಕೆಂಬಲ್ಲಿಗೇ ಅವನ ಅರ್ಜಿ ನಿಂತುಬಿಡುವುದು.