ಲಂಕೆಯ ವಿಳಾಸ



ನಾಟಕಕಾರ ಕೈಲಾಸಂ ಹೆಸರು ಕೇಳದವರು ಈ ಸಭೆಯಲ್ಲಿ ಇರಲಾರರು. ಅವರ ತಂದೆ, ಮೈಸೂರು ಸಂಸ್ಥಾನದಲ್ಲಿ ನ್ಯಾಯಾಧೀಶರಾಗಿದ್ದ ಪರಮಶಿವ ಅಯ್ಯರ್, 1940ರಲ್ಲಿ ಬೆಂಗಳೂರಿನಿಂದ ‘ರಾಮಾಯಣ ಅಂಡ್ ಲಂಕಾ’ ಎಂಬ ಇಂಗ್ಲಿಷ್ ಪುಸ್ತಕ ಹೊರತಂದರು. ರಾವಣನ ಲಂಕೆ ಸಿಂಹಳ ದ್ವೀಪವಲ್ಲ, ಜಬಲ್ಪುರದ ಹತ್ತಿರದ ಇಂದ್ರಾನಾ ಗುಡ್ಡ ಎಂಬುದು ಅವರ ತೀರ್ಪು. ಇವತ್ತು ನಾನು ತಂದಿರುವುದು ಆ ತೀರ್ಪಿನ ಮೇಲ್ಮನವಿ.

ಸಿಂಹಳ ದ್ವೀಪದ ಹೆಸರಿನ ಇತಿಹಾಸವನ್ನು ಎರಡು ಮಾತಿನಲ್ಲಿ ಮುಗಿಸುತ್ತೇನೆ. ಅಶೋಕನ ಶಾಸನಗಳಲ್ಲಿ ಅದು ತಾಮ್ರಪರ್ಣಿ, ಗ್ರೀಕರಿಗೆ ತಪ್ರೊಬಾನೆ, ಅರಬರಿಗೆ ಸೆರೆಂದಿಬ್, ಬ್ರಿಟಿಷರಿಗೆ ಸಿಲೋನ್. 1972ರ ಮೇ 22ರಂದು ಗಣರಾಜ್ಯವಾದಾಗ ಶ್ರೀಲಂಕಾ. ಹಾಗಂತ ಲಂಕೆ ಎಂಬುದು ಆಗ ಹುಟ್ಟಿದ ಹೆಸರಲ್ಲ. ಸುಮಾರು ಐದನೇ ಶತಮಾನದ ಸಿಂಹಳ ಇತಿವೃತ್ತ ‘ಮಹಾವಂಸ’ವೇ ತನ್ನ ದ್ವೀಪವನ್ನು ಹಾಗೆ ಕರೆದಿದೆ. ಅಯ್ಯರರ ವಾದಕ್ಕೆ ಮೊದಲ ಪೆಟ್ಟು ಇದು.

ಆದರೆ ಜ್ಯೋತಿಷಿ ವರಾಹಮಿಹಿರ ‘ಬೃಹತ್ಸಂಹಿತೆ’ಯಲ್ಲಿ ದಕ್ಷಿಣದ ನಾಡುಗಳ ಪಟ್ಟಿ ಕೊಡುವಾಗ ಲಂಕೆಯನ್ನೂ ಸಿಂಹಳವನ್ನೂ ಬೇರೆ ಬೇರೆಯಾಗಿ ಹೇಳುತ್ತಾನೆ. ಎರಡೂ ಒಂದೇ ಆಗಿದ್ದರೆ ಎರಡು ಸಲ ಏಕೆ?

ಹಳೆಯ ಖಗೋಳ ಗಣಿತದವರ ಲಂಕೆಯೂ ಸಿಂಹಳವಲ್ಲ. ನಮ್ಮ ಸಂಸ್ಕೃತದ ಮೇಷ್ಟ್ರಿಗೆ ಪಂಚಾಂಗ ಗಣಿತದ ಗೀಳು. ಒಂದು ದಿನ ಸುಂದರಕಾಂಡದ ಪಾಠ ನಿಲ್ಲಿಸಿ ಹಲಗೆಯ ಮೇಲೆ ಭೂಗೋಳ ಬರೆದರು. ಉಜ್ಜಯಿನಿಯಿಂದ ನೇರ ಕೆಳಗೆ ಗೆರೆ ಎಳೆದು, ಅದು ಭೂಮಧ್ಯರೇಖೆಯನ್ನು ಮುಟ್ಟುವಲ್ಲಿ ಸೀಮೆಸುಣ್ಣ ಒತ್ತಿ, “ಸೂರ್ಯಸಿದ್ಧಾಂತದ ಲಂಕೆ ಇಲ್ಲಿದೆ ಕಣ್ರಯ್ಯಾ” ಎಂದರು. ಭೂಪಟ ತೆಗೆದು ನೋಡಿ: ಆ ಗೆರೆ ಕಲ್ಲಿಕೋಟೆಯ ಬಳಿ ಕಡಲಿಗಿಳಿಯುತ್ತದೆ. ಶ್ರೀಲಂಕೆ ಅದರಿಂದ ಎಷ್ಟೋ ಪೂರ್ವಕ್ಕಿದೆ. ಅದರ ದಕ್ಷಿಣದ ತುದಿ ದೊಂದ್ರ ಭೂಶಿರವೂ ಸುಮಾರು 6 ಡಿಗ್ರಿ ಉತ್ತರ ಅಕ್ಷಾಂಶದಲ್ಲೇ ನಿಂತುಬಿಡುತ್ತದೆ. “ಹಾಗಾದ್ರೆ ಹನುಮಂತ ಹಾರಿದ್ದು ಎಲ್ಲಿಗೆ ಸಾರ್?” ಎಂದೆ. “ನಾನು ಗಣಿತದವರ ಲಂಕೆ ತೋರಿಸಿದೆ. ಉಳಿದದ್ದು ವಾಲ್ಮೀಕಿಯನ್ನ ಕೇಳು” ಎಂದು ಹಲಗೆ ಒರೆಸಿದರು.

ಹೀಗಾಗಿ ಅಯ್ಯರರ ಅನುಮಾನ ನನಗೆ ಒಪ್ಪಿಗೆ, ತೀರ್ಪು ಒಪ್ಪಿಗೆಯಿಲ್ಲ. ವಾಲ್ಮೀಕಿಯ ನೂರು ಯೋಜನದ ಕಡಲನ್ನು ಜಬಲ್ಪುರದಲ್ಲಿ ಎಲ್ಲಿ ಹುಡುಕೋಣ? ಕಪಿಸೈನ್ಯ ಕಿಷ್ಕಿಂಧೆಯಿಂದ ದಕ್ಷಿಣಕ್ಕೆ ನಡೆಯಿತು. ಲಂಕೆ ಇಂದ್ರಾನಾ ಆದರೆ ನಮ್ಮ ಆನೆಗೊಂದಿಯ ಕಿಷ್ಕಿಂಧೆಯನ್ನೂ ನರ್ಮದೆಯ ಆಚೆಗೆ ಸಾಗಿಸಬೇಕು. ಅದಕ್ಕೆ ನಾವು ಒಪ್ಪುತ್ತೇವೆಯೇ? ಒಪ್ಪದಿದ್ದರೆ ಅದು ಪುರಾವೆಯ ಬಲದಿಂದಲೋ, ಊರಿನ ಅಭಿಮಾನದಿಂದಲೋ? ಅಭಿಮಾನವೇ ಆದರೆ, ಶ್ರೀಲಂಕೆಯ ನುವರ ಎಲಿಯದ ಬಳಿ ಸೀತೆಯ ಗುಡಿ ತೋರಿಸುವವರನ್ನು ಮಾತ್ರ ಪುರಾವೆ ಕೇಳುವ ಹಕ್ಕು ನಮಗಿದೆಯೇ?